ಕಚೇರಿ ಮುಗಿದ ಮೇಲೆ ಬರೆದ ಸಿಂಫನಿ

ಆರ್ಕೆಸ್ಟ್ರಾ ಎಂದೊಡನೆ ನಮ್ಮ ಕಡೆಯ ಮಕ್ಕಳಿಗೆ ನೆನಪಾಗುವುದು ಗಣೇಶನ ಹಬ್ಬದ ಪೆಂಡಾಲು, ಕಿವಿಗಡಚಿಕ್ಕುವ ಸ್ಪೀಕರು, ಕೀಬೋರ್ಡು, ಹಳೆಯ ಸಿನಿಮಾ ಹಾಡು. ಈ ವಾರ ನಾನು ಹೇಳಹೊರಟಿರುವ ಆರ್ಕೆಸ್ಟ್ರಾ ಬೇರೆ ಬಗೆಯದು. ಅದು ಯುರೋಪಿನದು. ಅರವತ್ತರಿಂದ ನೂರು ಮಂದಿ ಅರ್ಧಚಂದ್ರಾಕಾರವಾಗಿ ಕೂತು ನುಡಿಸುತ್ತಾರೆ. ಮುಂದೆ ಪಿಟೀಲಿನ ಕುಟುಂಬ. ಅದರ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್ಟು. ಅವರ ಹಿಂದೆ ಹಿತ್ತಾಳೆಯ ವಾದ್ಯಗಳು, ಕೊನೆಯಲ್ಲಿ ನಗಾರಿಯಂಥ ಡ್ರಮ್ಮುಗಳು. ಇಷ್ಟೂ ಮಂದಿಗಾಗಿ ಬರೆಯುವ ದೊಡ್ಡ ಕೃತಿಯೇ ಸಿಂಫನಿ.

ಬರೆಯುವುದು ಎಂದೆ, ಗಮನಿಸಿದಿರಾ ಮಕ್ಕಳೇ? ನಮ್ಮ ಸಂಗೀತದಲ್ಲಿ ವಿದ್ವಾಂಸರು ವೇದಿಕೆಯ ಮೇಲೆ ಕೂತಲ್ಲೇ ರಾಗವನ್ನು ಬೆಳೆಸುತ್ತಾರೆ. ಅಲ್ಲಿ ಹಾಗಲ್ಲ. ಯಾರು, ಯಾವ ಕ್ಷಣದಲ್ಲಿ, ಯಾವ ಸ್ವರ, ಎಷ್ಟು ಮೆಲ್ಲಗೆ ನುಡಿಸಬೇಕು ಎಂಬುದೆಲ್ಲ ಮೊದಲೇ ಕಾಗದದ ಮೇಲೆ ಇರಬೇಕು. ಒಂದೊಂದು ವಾದ್ಯಕ್ಕೂ ಒಂದೊಂದು ಸಾಲು. ಸಾಲುಗಳೆಲ್ಲ ಒಂದರ ಕೆಳಗೊಂದು. ನಾನು ಬ್ಯಾಂಕಿನಲ್ಲಿದ್ದಾಗ ಬರೆಯುತ್ತಿದ್ದ ದೊಡ್ಡ ಲೆಡ್ಜರಿನ ಹಾಗೇ ಅದು ಕಾಣುತ್ತದೆ. ಅಡ್ಡಕ್ಕೆ ಓದಿದರೆ ಒಬ್ಬನ ಪಾಠ, ಉದ್ದಕ್ಕೆ ಓದಿದರೆ ಆ ಕ್ಷಣದಲ್ಲಿ ಎಲ್ಲರೂ ಸೇರಿ ಮಾಡುವ ನಾದ. ಎರಡೂ ತಾಳೆಯಾಗಬೇಕು.

ಈಗ ಕಥೆಗೆ ಬರೋಣ. ವಿಯೆನ್ನಾ ನಗರದಲ್ಲಿ ಫ್ರಾನ್ಸ್ ಷೂಬರ್ಟ್ ಎಂಬ ಸಂಗೀತಗಾರನಿದ್ದ. ಹುಟ್ಟಿದ್ದು 1797ರಲ್ಲಿ, ತೀರಿಕೊಂಡದ್ದು 1828ರಲ್ಲಿ. ಲೆಕ್ಕ ಹಾಕಿ, ಬರೇ 31 ವರ್ಷ. ಆತ 1822ರಲ್ಲಿ ಒಂದು ಸಿಂಫನಿ ಶುರು ಮಾಡಿ ಎರಡು ಭಾಗ ಬರೆದು ನಿಲ್ಲಿಸಿದ. ಆ ಹಾಳೆಗಳು ಒಬ್ಬ ಸ್ನೇಹಿತನ ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದವು. ಜನ ಅದನ್ನು ಮೊದಲು ಕೇಳಿದ್ದು 1865ರಲ್ಲಿ, ಅಂದರೆ ಷೂಬರ್ಟ್ ಹೋಗಿ 37 ವರ್ಷವಾದ ಮೇಲೆ! ಅದಕ್ಕೆ ಇವತ್ತಿಗೂ 'ಅಪೂರ್ಣ ಸಿಂಫನಿ' ಎಂದೇ ಹೆಸರು.

1928ಕ್ಕೆ ಷೂಬರ್ಟ್ ತೀರಿಕೊಂಡು ನೂರು ವರ್ಷ. ಕೊಲಂಬಿಯಾ ಎಂಬ ಗ್ರಾಮಫೋನ್ ಕಂಪನಿ ಅವನ ನೆನಪಿಗೆ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ಸಾರಿತು. ಮೊದಲು ಅವರು ಕೇಳಿದ್ದು, ಅಪೂರ್ಣ ಸಿಂಫನಿಯನ್ನು ಪೂರ್ಣ ಮಾಡಿಕೊಡಿ ಎಂದು. ಸಂಗೀತ ಬಲ್ಲವರು ಸಿಟ್ಟಾದರು. ಸತ್ತವನ ಕೃತಿಗೆ ಬಾಲ ಅಂಟಿಸುವುದೇ ಎಂದು ಆಕ್ಷೇಪಿಸಿದರು. ಕಂಪನಿ ನಿಯಮ ಬದಲಿಸಿತು: ಷೂಬರ್ಟನ ಇಂಪಿಗೆ ಗೌರವವಾಗುವಂಥ ನಿಮ್ಮದೇ ಹೊಸ ಕೃತಿಯನ್ನೂ ಕಳಿಸಬಹುದು. ಮೊದಲ ಬಹುಮಾನ 10,000 ಡಾಲರ್.

ಹಳೆಯ ಗುಮಾಸ್ತನಿಗೆ ಮೊತ್ತ ಕಂಡರೆ ಕೈ ಸುಮ್ಮನಿರುವುದಿಲ್ಲ. ಆಗ ಒಂದು ಪೌಂಡಿಗೆ ಸುಮಾರು 4 ಡಾಲರ್ 86 ಸೆಂಟ್. ಅದೇ ಪೌಂಡಿಗೆ ನಮ್ಮ 13 ರೂಪಾಯಿ 5 ಆಣೆ ಚಿಲ್ಲರೆ. ಭಾಗಿಸಿ, ಗುಣಿಸಿ ನೋಡಿದರೆ ಹತ್ತು ಸಾವಿರ ಡಾಲರ್ ಎಂದರೆ ಸುಮಾರು 27,000 ರೂಪಾಯಿ. ಅದೂ 1928ರ ರೂಪಾಯಿ! ನಿಮ್ಮ ಮುತ್ತಜ್ಜನ ಕಾಲದಲ್ಲಿ ಒಂದು ರೂಪಾಯಿಗೆ ಏನೇನು ಬರುತ್ತಿತ್ತು ಎಂದು ಅಜ್ಜಿಯನ್ನು ಕೇಳಿ ನೋಡಿ.

'ಇಂಪು' ಎಂದದ್ದಕ್ಕೂ ಒಂದು ಕಾರಣವಿತ್ತು. ಸಂಗೀತಕ್ಕೆ ಒಂದು ಮನೆ ಇರುತ್ತದೆ. ನಮ್ಮಲ್ಲಿ ಅದು ಷಡ್ಜ, ತಂಬೂರಿ ಹಿಡಿದು ಕೂರುವ 'ಸ'. ಯುರೋಪಿನಲ್ಲೂ ಹಾಗೆ ಒಂದು ಆಧಾರ ಸ್ವರವುಂಟು. ಕೃತಿಯ ನಡುವೆ ಅದು ಬೇರೆ ಬೇರೆ ಕಡೆ ಹೋಗಿಬರುತ್ತದೆ, ಕೊನೆಗೆ ಮನೆ ಸೇರುತ್ತದೆ. ಆದರೆ 1920ರ ದಶಕದಲ್ಲಿ ಆರ್ನಾಲ್ಡ್ ಷೋನ್‌ಬರ್ಗ್ ಎಂಬ ದೊಡ್ಡ ಸಂಗೀತಗಾರ ಹೊಸ ದಾರಿ ಹಿಡಿದಿದ್ದ. ಹಾರ್ಮೋನಿಯಂನಲ್ಲಿ ಏಳು ಬಿಳಿ, ಐದು ಕರಿ, ಒಟ್ಟು 12 ಮನೆಗಳಿವೆಯಲ್ಲ? ಹನ್ನೆರಡೂ ಸಮಾನ, ಯಾವುದೂ ಯಜಮಾನನಲ್ಲ ಎಂದು ಆತ ಬರೆಯತೊಡಗಿದ. ಕೆಲವರಿಗೆ ಅದು ಹೊಸ ಲೋಕ. ಇನ್ನು ಕೆಲವರಿಗೆ ದಾರಿ ತಪ್ಪಿದ ಭಾವ. ಆಧಾರ ಸ್ವರವನ್ನು ಬಿಡದೆ ಹೊಸದನ್ನು ಹೇಳಲು ಇನ್ನೂ ಸಾಧ್ಯವೇ ಎಂಬ ಪ್ರಶ್ನೆ ಆ ಸ್ಪರ್ಧೆಯ ಹಿಂದೆ ಇತ್ತು.

ಬೇರೆ ಬೇರೆ ದೇಶಗಳಿಂದ ನೂರಾರು ಕೃತಿಗಳು ಬಂದವು. ಅಂತಿಮ ತೀರ್ಪು ವಿಯೆನ್ನಾದಲ್ಲಿ. ತೀರ್ಪುಗಾರರಲ್ಲಿ ರಷ್ಯಾದ ಗ್ಲಾಜುನೋವ್, ಡೆನ್ಮಾರ್ಕಿನ ಕಾರ್ಲ್ ನೀಲ್ಸನ್‌ರಂಥ ಹಿರಿಯರಿದ್ದರು. ಗೆದ್ದವರು ಸ್ವೀಡನ್ನಿನ ಕುರ್ಟ್ ಆಟರ್‌ಬರ್ಗ್. ಕೃತಿ ಅವರ ಆರನೇ ಸಿಂಫನಿ. ಅದರ ಮನೆ ಹಾರ್ಮೋನಿಯಂ ಕಲಿಯುವವರೆಲ್ಲ ಮೊದಲು ಬೆರಳಿಡುವ ಬಿಳಿ ಒಂದು. ಅವರ ಭಾಷೆಯಲ್ಲಿ ಸಿ ಮೇಜರ್.

ಈ ಆಟರ್‌ಬರ್ಗ್ ನನಗೆ ಇಷ್ಟವಾಗುವುದು ಬಹುಮಾನಕ್ಕಲ್ಲ. ಅವರು ಓದಿದ್ದು ವಿದ್ಯುತ್ ಎಂಜಿನಿಯರಿಂಗ್. 1912ರಲ್ಲಿ ಸ್ಟಾಕ್‌ಹೋಮ್‌ನ ಪೇಟೆಂಟ್ ಕಚೇರಿಗೆ ಸೇರಿದರು. ಹೊಸ ಯಂತ್ರ ಕಂಡುಹಿಡಿದವರ ಅರ್ಜಿ ಪರಿಶೀಲಿಸುವ ಕಚೇರಿ ಅದು. ಅಲ್ಲಿಂದ ಹೊರಬಂದದ್ದು 1968ರಲ್ಲಿ, ಎಂಬತ್ತರ ವಯಸ್ಸಿನಲ್ಲಿ! ನಾನು 60ಕ್ಕೇ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಹಗಲು ಫೈಲು, ಉಳಿದ ಹೊತ್ತಿನಲ್ಲಿ ಒಂಬತ್ತು ಸಿಂಫನಿ. ಸಾಲದ್ದಕ್ಕೆ ಪತ್ರಿಕೆಗೆ ಸಂಗೀತ ವಿಮರ್ಶೆ. ನಮ್ಮ ಶಾಖೆಯಲ್ಲೂ ಒಬ್ಬ ಕ್ಯಾಷಿಯರ್ ಇದ್ದರು. ಐದು ಗಂಟೆಗೆ ಕ್ಯಾಷ್ ಮುಚ್ಚಿ, ಆರಕ್ಕೆ ಮೃದಂಗದ ಮುಂದೆ ಕೂರುತ್ತಿದ್ದರು. ಹೊಟ್ಟೆಪಾಡಿನ ಕೆಲಸವೂ ಮನಸ್ಸಿನ ಕೆಲಸವೂ ಒಂದೇ ಮನೆಯಲ್ಲಿ ಬಾಳಬಲ್ಲವು ಎಂದು ನಾನು ನಂಬಿದ್ದು ಅಂಥವರನ್ನು ನೋಡಿಯೇ.

ಗೆಲುವಿನ ಜೊತೆ ಗದ್ದಲವೂ ಬಂತು. ತೀರ್ಪುಗಾರರ ರುಚಿ ನೋಡಿಕೊಂಡು ಬರೆದಿರಬೇಕು ಎಂದು ಲಂಡನ್ನಿನ ವಿಮರ್ಶಕ ಅರ್ನೆಸ್ಟ್ ನ್ಯೂಮನ್ ಅನುಮಾನಪಟ್ಟರು. ಕೊನೆಯ ಭಾಗದಲ್ಲಿ ಸ್ವಲ್ಪ ತಮಾಷೆಯೂ ಉಂಟು ಎಂದು ಆಟರ್‌ಬರ್ಗ್ ಉತ್ತರ ಕೊಟ್ಟರು. ಜನ ಆ ಕೃತಿಗೆ 'ಡಾಲರ್ ಸಿಂಫನಿ' ಎಂದು ಅಡ್ಡಹೆಸರಿಟ್ಟರು. ಥಾಮಸ್ ಬೀಚಮ್ ಅದನ್ನು ರೆಕಾರ್ಡ್ ಮಾಡಿಸಿದರು, 1943ರಲ್ಲಿ ಟಾಸ್ಕನಿನಿಯಂಥ ಮಹಾ ನಿರ್ದೇಶಕ ಅಮೆರಿಕದಲ್ಲಿ ನುಡಿಸಿದರು. ಆದರೂ ಆ ಹೆಸರು ಅಳಿಯಲಿಲ್ಲ. ಎರಡನೇ ಭಾಗದ ನಿಧಾನಗತಿಯ ನಾದವನ್ನು ಕೇಳುತ್ತ ಕೂತರೆ ಡಾಲರು ಎಲ್ಲಿಯೂ ಕೇಳಿಸುವುದಿಲ್ಲ. ಬೆಲೆಚೀಟಿ ಅಂಟಿದ ಸೀರೆಯನ್ನು ನೋಡುವವರು ಚೀಟಿಯನ್ನೇ ಮೊದಲು ಓದುತ್ತಾರೆ, ಏನು ಮಾಡುವುದು!

ಅದೇ ಸ್ಪರ್ಧೆಗೆ ಇಂಗ್ಲೆಂಡಿನಿಂದ ಹ್ಯಾವರ್ಗಲ್ ಬ್ರಯಾನ್ ಎಂಬವರೂ ಕೃತಿ ಕಳಿಸಿದ್ದರು. ಮಡಕೆ, ಪಿಂಗಾಣಿ ಕಾರ್ಖಾನೆಗಳ ಸೀಮೆಯಲ್ಲಿ 1876ರಲ್ಲಿ ಹುಟ್ಟಿದ ಬಡವರ ಮಗ. 12ನೇ ವಯಸ್ಸಿಗೆ ಶಾಲೆ ಬಿಟ್ಟವರು. ಸಂಗೀತ ರಚನೆಯನ್ನು ಬಹುಮಟ್ಟಿಗೆ ತಾವೇ ಕಲಿತರು. ಅವರು ಕಳಿಸಿದ್ದು 'ಗಾಥಿಕ್ ಸಿಂಫನಿ'ಯ ಮೊದಲ ಮೂರು ಭಾಗಗಳನ್ನು. ಹತ್ತು ಸಾವಿರ ಡಾಲರ್ ಅವರ ಪಾಲಿಗೆ ಬರಲಿಲ್ಲ. ಅಷ್ಟೇ ಅಲ್ಲ, ಆ ಸಿಂಫನಿಯನ್ನು ಪೂರ್ತಿ ನುಡಿಸಿದ್ದೇ 1961ರಲ್ಲಿ. ಆಗ ಅವರಿಗೆ 85 ವರ್ಷ. ಅಷ್ಟು ದಿನ ಅವರು ಬೇಸರಪಟ್ಟುಕೊಂಡು ಕೂತಿದ್ದರೇ? ಇಲ್ಲ. ಒಟ್ಟು 32 ಸಿಂಫನಿ ಬರೆದರು. ಅವುಗಳಲ್ಲಿ ಸುಮಾರು ಇಪ್ಪತ್ತು, 80 ದಾಟಿದ ಮೇಲೆ ಬರೆದವು! ನನ್ನ ಓರಗೆಯವರು, ಮಂಡಿ ನೋವು ಎಂದು ಹಾರ್ಮೋನಿಯಂ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವರು, ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಇದೆಲ್ಲ ಯಾಕೆ ಹೇಳಿದೆನೆಂದರೆ, ಈಗ ನಮ್ಮ ಮಕ್ಕಳಿಗೆ ವಾರಕ್ಕೊಂದು ಸ್ಪರ್ಧೆ. ನನ್ನ ಮೊಮ್ಮಗಳು ಏಳನೇ ತರಗತಿ. ಕಳೆದ ತಿಂಗಳು ಅಂತರಶಾಲಾ ಸ್ಪರ್ಧೆಯಲ್ಲಿ ಪಿಟೀಲು ನುಡಿಸಿ ಬಂದಳು. ಬಹುಮಾನ ಬರಲಿಲ್ಲ. ಎರಡು ವಾರ ಪೆಟ್ಟಿಗೆ ತೆರೆಯಲಿಲ್ಲ. "ಇನ್ಯಾಕೆ ತಾತ, ಅವರಿಗೆ ಇಷ್ಟ ಆಗ್ಲಿಲ್ವಲ್ಲ" ಎಂದಳು. ಸಮಾಧಾನದ ಮಾತು ಹೇಳಿದರೆ ಮಕ್ಕಳಿಗೆ ತಿಳಿದುಬಿಡುತ್ತದೆ. ಹಾಗಾಗಿ ಗೆದ್ದ ಆಟರ್‌ಬರ್ಗರ ಕಥೆಯನ್ನೂ ಗೆಲ್ಲದ ಬ್ರಯಾನರ ಕಥೆಯನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಗೆದ್ದ ಮಾರನೇ ದಿನ ಆಟರ್‌ಬರ್ಗ್ ಏನು ಮಾಡಿದ್ರು?" ಮತ್ತೆ ಕಚೇರಿಗೆ ಹೋದರು, ಮತ್ತೆ ಬರೆದರು, ಇನ್ನೂ ಮೂರು ಸಿಂಫನಿ. ಗೆಲ್ಲದಿದ್ದವರೂ ಅದನ್ನೇ ಮಾಡಿದರು ಎಂದೆ.

ಸ್ಪರ್ಧೆ ಬೇಡವೆಂದು ನಾನು ಹೇಳುವುದಿಲ್ಲ. ಕೊನೆಯ ತಾರೀಕು ಇಲ್ಲದಿದ್ದರೆ ಎಷ್ಟೋ ಕೆಲಸ ಮುಗಿಯುವುದೇ ಇಲ್ಲ, ವರ್ಷಾಂತ್ಯದ ಲೆಕ್ಕವನ್ನೇ ಕೇಳಿ! ಕೆಲಸ ಯಾವಾಗ ಮುಗಿಸಬೇಕೆಂದು ಸ್ಪರ್ಧೆ ಹೇಳಲಿ. ಮುಗಿದ ಮೇಲೆ ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಹೇಳುವ ಅಧಿಕಾರ ಅದಕ್ಕಿಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಕೂತು ಎಂಟು ಅಕ್ಷರದ ಒಂದು ಪುಟ್ಟ ಸ್ವರಮಾಲೆ ಕಟ್ಟಿ. 'ಸ'ದಲ್ಲಿ ಹೊರಡಲಿ, ಎಲ್ಲಿಗಾದರೂ ಸುತ್ತಲಿ, 'ಸ'ಕ್ಕೆ ಮರಳಲಿ. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ತಾರೀಕು ಹಾಕಿ, ಹೆಸರು ಬರೆಯಿರಿ. ಮರುವಾರ ಇನ್ನೊಂದು.