ವಾಯುವೂ ಶಿವಮೂರ್ತಿ

ಸದ್ಭಕ್ತರೇ, ಶಿವನ ಅಷ್ಟಮೂರ್ತಿಗಳಲ್ಲಿ ವಾಯುವೂ ಒಂದು. ಲಿಂಗದ ಮೇಲೆ ಧೂಳು ಕೂತರೆ ಕೂಡಲೇ ಒರೆಸುತ್ತೇವೆ. ವಾಯುವಿನಲ್ಲೇ ಧೂಳು ತುಂಬಿದರೆ ಸುಮ್ಮನಿರುತ್ತೇವೆ.

ಸಂಡೂರು ಸೀಮೆಯಲ್ಲಿ ಅದಿರಿನ ಲಾರಿ ಓಡಾಡುವ ದಾರಿಯ ಗಿಡಮರಗಳೆಲ್ಲ ಕೆಂಪಾದುದನ್ನು ನೀವೇ ಕಂಡಿದ್ದೀರಿ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತು ಹಾಕಿ ಬಿಟ್ಟಿತು. ದಪ್ಪ ಧೂಳು ಕೆಮ್ಮಿದರೆ ಹೊರಬಿದ್ದೀತು. ಕಣ್ಣಿಗೆ ಕಾಣದ ಕಣ ಶ್ವಾಸಕೋಶದ ಆಳಕ್ಕಿಳಿದು, ರಕ್ತ ಸೇರಿ, ಹೃದಯಕ್ಕೂ ಕೇಡು ತರುತ್ತದೆ. ಕೂಸುಗಳಿಗೆ, ಉಬ್ಬಸವಿರುವ ಹಿರಿಯರಿಗೆ ಅದರ ಪೆಟ್ಟು ಹೆಚ್ಚು.

ಹೊಟ್ಟೆಪಾಡು ಎನ್ನುವಿರಿ. ಒಪ್ಪಿದೆವು. ಆದರೆ ನೆರೆಯವನ ಉಸಿರು ಕಟ್ಟಿಸುವ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು. ಅದರ ಲಾಭದ ಪಾಲು ಮಠದ ದಾಸೋಹಕ್ಕೆ ಬಂದರೂ ಪ್ರಸಾದವಾಗದು. ಇದನ್ನು ಮಠದಲ್ಲಿ ಕೂತೇ ಹೇಳುತ್ತಿದ್ದೇವೆ. ಶಿವನಿಂದೆ ಕಂಡು ಸುಮ್ಮನಿರಬಾರದೆಂಬುದೇ ಗಣಾಚಾರ. ಲಾರಿಗೆ ತಾಡಪತ್ರಿ ಹೊದಿಸಿರಿ, ದಾರಿಗೆ ನೀರು ಹೊಡೆಯಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ನಮ್ಮನ್ನೂ ಕರೆಯಿರಿ, ಬರುತ್ತೇವೆ.