ಹಳೇ ಕಾರ್ಡಿಗೆ ಸಂಬಳ ಕೊಡೋರು ಯಾರು?

ಹೊಸ ಗ್ರಾಫಿಕ್ಸ್ ಕಾರ್ಡು ಪೇಟೆಗೆ ಬಂದ ವಾರವೇ ಗಲಾಟೆ ಶುರು: ಬ್ಲೆಂಡರ್ ಇದನ್ನ ಯಾವಾಗ ಸಪೋರ್ಟ್ ಮಾಡುತ್ತೆ? ತಡವಾದರೆ, ಪುಕ್ಕಟೆ ಸಿಗೋ ತಂತ್ರಾಂಶದ ಹಣೆಬರಹ ಇಷ್ಟೇ ಅನ್ನೋ ಮಾತು. 2016ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಪ್ಯಾಸ್ಕಲ್ ಕಾರ್ಡು ಬಿಟ್ಟಿತು. ಬ್ಲೆಂಡರ್ ಅದಕ್ಕೆ ಹೊಂದಿಕೊಂಡದ್ದು ಸೆಪ್ಟೆಂಬರ್ ಕೊನೆಗೆ, 2.78ರಲ್ಲಿ. ಕಾರಣ ಏನು ಗೊತ್ತಾ? ಬ್ಲೆಂಡರಿನ ರೆಂಡರಿಂಗ್ ಎಂಜಿನ್ ಸೈಕಲ್ಸ್‌ ಅನ್ನು ಪ್ರತಿ ತಲೆಮಾರಿನ ಕಾರ್ಡಿಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕು. ಆ ಕಂಪೈಲರ್ ಎನ್‌ವಿಡಿಯಾದ್ದು. ಅದಕ್ಕೆ ಬೇಕಾದ ಕೂಡಾ 8ರ ಅಂತಿಮ ಆವೃತ್ತಿ ಬಂದದ್ದೂ ಸೆಪ್ಟೆಂಬರಿನಲ್ಲೇ!

ಇರಲಿ. ಹೊಸ ಕಾರ್ಡಿಗೆ ಇವತ್ತಲ್ಲ ನಾಳೆ ಸಪೋರ್ಟ್ ಬಂದೇ ಬರುತ್ತೆ, ಕಾರ್ಡು ಮಾರಬೇಕಾದ ಕಂಪನಿ ಸಂಬಳ ಕೊಟ್ಟು ಎಂಜಿನಿಯರುಗಳನ್ನ ಕೂರಿಸುತ್ತೆ. ನನ್ನ ಜಗಳ ಹಳೇ ಕಾರ್ಡಿನದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬ್ಲೆಂಡರ್ ಬಳಸೋರು ಯಾರು ನೋಡಿ. ಮನೆ ಎಲಿವೇಶನ್ ಮಾಡಿಕೊಡೋ ಹುಡುಗರು, ಮದುವೆ ವಿಡಿಯೋದವರು, ಡಿಪ್ಲೊಮಾ ಓದೋ ಮಕ್ಕಳು. ಕೊಬ್ಬರಿಗೆ ರೇಟು ಸಿಕ್ಕ ವರ್ಷ ಅಪ್ಪ ಕೊಡಿಸಿದ ಕಾರ್ಡು, ಇಲ್ಲಾಂದ್ರೆ ಬೆಂಗಳೂರು ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡು. ಮತ್ತೆ ರೇಟು ಏರೋ ತನಕ ಅದೇ ಗತಿ.

ಎಎಂಡಿಯ ಆರ್‌ಎಕ್ಸ್ 580 ಬಂದದ್ದು ಏಪ್ರಿಲ್ 2017. ಡಿಸೆಂಬರ್ 2021ರ ಬ್ಲೆಂಡರ್ 3.0 ಓಪನ್‌ಸಿಎಲ್ ಕಿತ್ತುಹಾಕಿತು. ಅದರ ಜಾಗಕ್ಕೆ ಎಎಂಡಿಯ ಜೊತೆಗೂಡಿ ಹಿಪ್ ತಂದರು. ಅದರ ಪಟ್ಟಿ ಶುರುವಾದದ್ದೇ ಆರ್‌ಡಿಎನ್‌ಎ ಕಾರ್ಡುಗಳಿಂದ. 580 ಹೊರಗೆ. ಆ ಕಾರ್ಡು ಬಂದ ದಿನ ನೆಟ್ಟ ತಿಪಟೂರು ಟಾಲ್ ಸಸಿ ಅಷ್ಟರಲ್ಲಿ ಹೊಂಬಾಳೆ ಕೂಡ ಬಿಟ್ಟಿರಲ್ಲ ಸ್ವಾಮಿ.

ಓಪನ್‌ಸಿಎಲ್ ಡ್ರೈವರ್ ದೋಷಗಳಿಂದ ಬ್ಲೆಂಡರಿನವರು ಬೇಸತ್ತಿದ್ದರು, ಆ ಮಾನದಂಡವೂ ನಿಂತ ನೀರಾಗಿತ್ತು. ಒಪ್ಪಿದೆ. ಎನ್‌ವಿಡಿಯಾ ಹಳೇ ಕಾರ್ಡುಗಳನ್ನ ಇವರಿಗಿಂತ ಹೆಚ್ಚು ಕಾಲ ಸಾಕಿದೆ, ಅದನ್ನೂ ಒಪ್ಪಿದೆ. ಆದರೆ ಕೀಲಿಕೈ ಅವರ ಸೊಂಟದಲ್ಲೇ. "2.93ರಲ್ಲೇ ಇರಿ" ಅಂತಾರೆ ಕೆಲವರು. ಬ್ಲೆಂಡರ್ 4ರಲ್ಲಿ ಮಾಡಿದ ಫೈಲು ಅದರಲ್ಲಿ ಸರಿಯಾಗಿ ತೆರೆಯಲ್ಲ. "ಸಿಪಿಯುನಲ್ಲಿ ಮಾಡ್ಕೊಳ್ಳಿ" ಅನ್ನೋರು, ಅರ್ಧ ರೆಂಡರಿಗೆ ಕರೆಂಟ್ ಹೋಗೋ ಊರಲ್ಲಿ ಒಂದು ರಾತ್ರಿ ಕೂತು ನೋಡಲಿ.

ತಮಾಷೆ ಅಂದ್ರೆ, ಅದೇ 580 ಲಿನಕ್ಸಿನಲ್ಲಿ ಗಟ್ಟಿಮುಟ್ಟಾಗಿ ಓಡುತ್ತಿದೆ. ಮೆಸಾದ ರಾಡ್ವಿ ಡ್ರೈವರನ್ನ 2016ರಲ್ಲಿ ಶುರು ಮಾಡಿದವರು ಎಎಂಡಿಯವರಲ್ಲ, ಹೊರಗಿನವರು. ಕಂಪನಿ ಕೊಡಲಿ ಅಂತ ಕಾಯಲಿಲ್ಲ. ಹಾಗಾಗಿ ಕಂಪನಿಗೆ ಬೇಡವಾದ ಕಾರ್ಡನ್ನೂ ಯಾರೋ ಒಬ್ಬರು ನೋಡಿಕೊಳ್ಳಬಹುದು.

2019ರಲ್ಲಿ ಎನ್‌ವಿಡಿಯಾ, ಎಎಂಡಿ ಎರಡೂ ಬ್ಲೆಂಡರ್ ಅಭಿವೃದ್ಧಿ ನಿಧಿಯ ಪೋಷಕರಾದವು. ಸಂತೋಷ. ಆದರೆ ಹೊಸ ತಲೆಮಾರಿನ ಕೋಡು ಹಿಡಿದು ಬರುವ ಕಂಪನಿಯ ಹತ್ತಿರ ಬ್ಲೆಂಡರಿನವರು ಒಂದು ಮಾತು ಬರೆಸಿಕೊಳ್ಳಬೇಕು: ಈ ಕಾರ್ಡನ್ನ ಹತ್ತು ವರ್ಷ ನಾವೇ ನಿಭಾಯಿಸುತ್ತೇವೆ, ಇಲ್ಲವೇ ಬೇರೆಯವರು ನಿಭಾಯಿಸಲು ಬೇಕಾದ್ದನ್ನೆಲ್ಲ ತೆರೆದಿಡುತ್ತೇವೆ ಅಂತ. ಒಪ್ಪದಿದ್ದರೆ ಅವರ ಹೊಸ ಕಾರ್ಡು ಸ್ವಲ್ಪ ದಿನ ಕಾಯಲಿ.