ವೃದ್ಧರ ವಸತಿ: ಜಗಲಿಯೂ ಬೇಕು, ಬಾಗಿಲೂ ಬೇಕು

ಉಚಿತ ಪ್ರಸಾದ ನಿಲಯದ ಹಜಾರದಲ್ಲಿ ಹತ್ತಾರು ಬಾಲಕರು ಸಾಲಾಗಿ ಹಾಸಿಗೆ ಹಾಸಿ ಮಲಗುವುದನ್ನು ಕಂಡವರಿಗೆ ಸಹಜೀವನದ ಹಿರಿಮೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಒಂದೇ ಗಂಟೆಗೆ ಏಳುವುದು, ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಒಂದೇ ದೀಪದ ಕೆಳಗೆ ಓದುವುದು ಅವರ ಬಾಳಿನ ಕ್ರಮ. ಆದರೆ ಅಲ್ಲಿಯೂ ಪ್ರತಿಯೊಬ್ಬ ಬಾಲಕನ ತಲೆದೆಸೆಯಲ್ಲಿ ಬೀಗ ಹಾಕಿದ ಒಂದು ಟ್ರಂಕು ಇರುತ್ತದೆ. ತಂದೆಯ ಕಾಗದ, ತಾಯಿ ಕಟ್ಟಿಕೊಟ್ಟ ಉಂಡೆ, ಯಾರಿಗೂ ತೋರಿಸದ ಒಂದು ಭಾವಚಿತ್ರ ಅದರೊಳಗೆ ಭದ್ರ. ಎಲ್ಲವನ್ನೂ ಹಂಚಿಕೊಂಡು ಬಾಳುವವನಿಗೂ ತನ್ನದೆಂಬ ತುಸು ಸ್ಥಳ ಬೇಕೆಂಬುದಕ್ಕೆ ಆ ಟ್ರಂಕೇ ಸಾಕ್ಷಿ.

ಬಾಲಕನು ವಿದ್ಯೆ ಮುಗಿಸಿ ಟ್ರಂಕು ಹೊತ್ತು ಊರಿಗೆ ಮರಳುತ್ತಾನೆ. ವೃದ್ಧಾಶ್ರಮವನ್ನು ಸೇರಿದ ಹಿರಿಯರಲ್ಲಿ ಅನೇಕರಿಗೆ ಮರಳುವ ಊರಿಲ್ಲ. ಅದೇ ಅವರ ಕಡೆಯ ಮನೆ. ಹೀಗಿದ್ದೂ ಅಂಥ ಮನೆಗಳನ್ನು ಕಟ್ಟುವವರು ಬಹುಮಟ್ಟಿಗೆ ಆಸ್ಪತ್ರೆಯ ವಾರ್ಡನ್ನೋ ವಿದ್ಯಾರ್ಥಿ ನಿಲಯದ ಹಜಾರವನ್ನೋ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಮಂಚಗಳ ಸಂಖ್ಯೆಯೇ ಸೇವೆಯ ಅಳತೆಯಾಗುತ್ತದೆ. ಅಲ್ಲಿ ಅನ್ನವುಂಟು, ಔಷಧವುಂಟು, ಕರುಣೆಯೂ ಉಂಟು. ಆದರೆ ದೂರದಿಂದ ಬಂದ ಮಗಳೊಡನೆ ಮನಬಿಚ್ಚಿ ನಾಲ್ಕು ಮಾತನಾಡಲು ತಾಯಿಗೆ ಮರೆಯಿಲ್ಲ. ಅಗಲಿದ ಪತಿಯನ್ನು ನೆನೆದು ಕಣ್ಣೀರಿಡುವುದಕ್ಕೂ ಹತ್ತು ಕಣ್ಣುಗಳ ಕಾವಲು.

ಇನ್ನೊಂದು ತುದಿಯಲ್ಲಿ ನಗರಗಳ ಬೆಲೆಯುಳ್ಳ ವಸತಿಗಳಿವೆ. ಅಲ್ಲಿ ಎಲ್ಲರಿಗೂ ಪ್ರತ್ಯೇಕ ಕೊಠಡಿ, ನಡುವೆ ಉದ್ದನೆಯ ಮೌನದ ಓಣಿ. ಬಾಗಿಲು ಮುಚ್ಚಿದರೆ ಪಕ್ಕದವರು ಉಂಡರೋ ಇಲ್ಲವೋ ಎಂಬುದೂ ತಿಳಿಯದು. ಮೊದಲನೆಯದು ಏಕಾಂತವನ್ನು ಕಸಿಯುತ್ತದೆ. ಎರಡನೆಯದು ಏಕಾಂತದ ಹೆಸರಿನಲ್ಲಿ ಒಂಟಿತನವನ್ನು ಕೊಡುತ್ತದೆ. ಇವೆರಡೂ ಮನೆಯಲ್ಲ.

ಕನ್ನಡ ನಾಡಿನ ಹಳೆಯ ಮನೆಗಳು ಈ ತೊಡಕನ್ನು ಜಗಲಿಯಿಂದ ಪರಿಹರಿಸಿದ್ದವು. ಜಗಲಿಯ ಮೇಲೆ ಕುಳಿತ ಅಜ್ಜನು ಮನೆಯೊಳಗೂ ಇದ್ದಾನೆ, ಬೀದಿಯಲ್ಲೂ ಇದ್ದಾನೆ. ಹೋಗಿ ಬರುವವರನ್ನು ಕರೆದು ಮಾತನಾಡಿಸಬಹುದು; ಬೇಡವಾದರೆ ಸುಮ್ಮನೆ ನೋಡುತ್ತ ಕೂಡಬಹುದು; ಸಾಕೆನಿಸಿದರೆ ಎದ್ದು ಒಳಗೆ ಹೋಗಬಹುದು. ಸಂಗವೆಷ್ಟು, ಏಕಾಂತವೆಷ್ಟು ಎಂಬುದನ್ನು ನಿರ್ಣಯಿಸುವವನು ಅವನೇ.

ಇದೇ ತತ್ತ್ವವನ್ನು ಡಚ್ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ ಅವರು 1974ರಲ್ಲಿ ಪೂರ್ಣಗೊಂಡ ಆಮ್‌ಸ್ಟರ್‌ಡ್ಯಾಮಿನ 'ಡೆ ಡ್ರೀ ಹೋವನ್' ವೃದ್ಧಾಶ್ರಮದಲ್ಲಿ ಬೇರೊಂದು ಬಗೆಯಿಂದ ಸಾಧಿಸಿದರು. ಅಲ್ಲಿಯ ಬಾಗಿಲುಗಳು ಅಡ್ಡಲಾಗಿ ಎರಡು ಭಾಗವಾಗಿದ್ದವು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಟ್ಟರೆ ಹಾದುಹೋಗುವವರೊಡನೆ ಮಾತಿಗೆ ಅವಕಾಶ. ಆದರೆ ಕರೆಯದೆ ಯಾರೂ ಒಳಗೆ ನುಗ್ಗುವಂತಿಲ್ಲ. ಲಂಡನ್ನಿನ ಹೈ ಬಾರ್ನೆಟ್ಟಿನಲ್ಲಿ 2016ರಲ್ಲಿ ಆರಂಭವಾದ 'ನ್ಯೂ ಗ್ರೌಂಡ್' ಇನ್ನೊಂದು ನಿದರ್ಶನ. 50 ವರ್ಷ ದಾಟಿದ ಮಹಿಳೆಯರೇ ಸೇರಿ ರೂಪಿಸಿದ ಈ ವಸತಿಯಲ್ಲಿ 25 ಮನೆಗಳಿವೆ. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಅಡಿಗೆಮನೆ. ಕೂಡಿ ಉಣ್ಣಲು ಸಾಮಾನ್ಯ ಕೊಠಡಿ, ಕೂಡಿ ದುಡಿಯಲು ತೋಟ. ಅದನ್ನು ನಡೆಸುವವರೂ ಅಲ್ಲಿ ವಾಸಿಸುವವರೇ.

ಭಾರತದಲ್ಲಿ 2011ರ ಜನಗಣತಿಯ ವೇಳೆಗೇ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಅಧಿನಿಯಮದ 19ನೆಯ ಕಲಮು, ಜಿಲ್ಲೆಗೊಂದರಂತೆ ಆರಂಭಿಸಿ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡುವ ವೃದ್ಧಾಶ್ರಮಗಳನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆನ್ನುತ್ತದೆ. ಆ ಕಲಮಿನಲ್ಲಿ ವೈದ್ಯೋಪಚಾರದ ಹೆಸರಿದೆ, ಮನರಂಜನೆಯ ಹೆಸರೂ ಇದೆ, ಏಕಾಂತದ ಹೆಸರಿಲ್ಲ. ಕಾನೂನು ಹೇಳದಿದ್ದುದನ್ನು ಕಟ್ಟುವವರ ವಿವೇಕವೇ ತುಂಬಬೇಕು.

ಇಷ್ಟೆಲ್ಲಕ್ಕೆ ಹಣವೆಲ್ಲಿಯದು ಎಂಬ ಆಕ್ಷೇಪವನ್ನು ಹಗುರಾಗಿ ಕಾಣಲಾಗದು. ಪ್ರತಿಯೊಬ್ಬರಿಗೂ ಕೊಠಡಿ ಕೊಡಲು ವೆಚ್ಚ ಹೆಚ್ಚೇ ಸರಿ. ಆದರೆ 150 ಮಂದಿಗೆ ಒಂದೇ ಹಜಾರವೆಂದು ಯಾವ ಕಾನೂನೂ ವಿಧಿಸಿಲ್ಲ. ಎಂಟು ಹತ್ತು ಚಿಕ್ಕ ಕೋಣೆಗಳಿಗೆ ಒಂದು ಪಡಸಾಲೆ, ಪಡಸಾಲೆಯ ಮುಂದೆ ಒಂದು ಜಗಲಿ. ಇಂಥ ಹಲವು ಗುಂಪುಗಳಿಗೆ ಒಂದು ದೊಡ್ಡ ಅಡಿಗೆಮನೆ. ಕೋಣೆ ಕಿರಿದಾದರೂ ಚಿಂತೆಯಿಲ್ಲ. ಅದೂ ಸಾಧ್ಯವಾಗದಲ್ಲಿ ಮಂಚಗಳ ನಡುವೆ ಆಳೆತ್ತರದ ಗೋಡೆ, ಬೀಗವುಳ್ಳ ಒಂದು ಕಪಾಟು, ಬಂದವರೊಡನೆ ಮಾತನಾಡಲು ಒಂದು ಪ್ರತ್ಯೇಕ ಕೋಣೆ ಇವಿಷ್ಟಾದರೂ ಇರತಕ್ಕದ್ದು.

ಮುಚ್ಚಿದ ಬಾಗಿಲಿನ ಹಿಂದೆ ಹಿರಿಯರು ಬಿದ್ದರೆ ಗತಿಯೇನೆಂಬ ಭಯವೂ ನ್ಯಾಯವಾದದ್ದೇ. ಅದಕ್ಕೆ ಬಾಗಿಲನ್ನೇ ಕಿತ್ತುಹಾಕುವುದು ಉಪಾಯವಲ್ಲ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ಹೊರಮುಖವಾಗಿ ತೆರೆಯುವ ಬಚ್ಚಲಿನ ಬಾಗಿಲು, ಕೈಗೆಟಕುವ ಕರೆಗಂಟೆ, ಎಡವದಂಥ ನೆಲ ಇವು ಸಾಕಷ್ಟು ರಕ್ಷಣೆ ನೀಡುತ್ತವೆ.

ಆದರೂ ಬಾಗಿಲಿಗಿಂತ ಮಿಗಿಲಾದುದು ಬಾಗಿಲು ತಟ್ಟುವ ಸೌಜನ್ಯ. ಕೋಣೆ ಕೊಟ್ಟೂ ಹೇಳದೆ ಕೇಳದೆ ಒಳನುಗ್ಗುವ, ಎಲ್ಲರೂ ಭಜನೆಗೆ ಬರಲೇಬೇಕೆಂದು ವಿಧಿಸುವ, ಒಂದು ಲೋಟ ಚಹ ಕಾಯಿಸಿಕೊಳ್ಳಲೂ ಅಪ್ಪಣೆ ಬೇಡಬೇಕಾದ ಆಶ್ರಮವು ಎಷ್ಟು ಅಂದವಾಗಿದ್ದರೂ ಪರರ ಮನೆಯೇ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಒಬ್ಬರೇ ಪೂಜಿಸುವ, ಅನಂತರ ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣುವ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಏಕಾಂತವೂ ಸಮುದಾಯವೂ ಒಂದೇ ದಿನದ ಎರಡು ಹೊತ್ತುಗಳು.

ಮುಂದೆ ವೃದ್ಧಾಶ್ರಮಕ್ಕೆ ಅಡಿಗಲ್ಲಿಡುವ ಸಂಸ್ಥೆಗಳು ನಕ್ಷೆಯನ್ನು ಅಂಗೀಕರಿಸುವ ಮುನ್ನ ಊರಿನ ಹತ್ತು ಮಂದಿ ಹಿರಿಯರನ್ನು ಕುಳ್ಳಿರಿಸಿ ಕೇಳಲಿ. ಎಷ್ಟು ಮಂಚ ಹಿಡಿಯುತ್ತದೆಂದಲ್ಲ. ಬಾಗಿಲ ಕೀಲಿಕೈ ಯಾರ ಬಳಿ ಇರಬೇಕೆಂದು.